ಮಗ್ಗದ ಸದ್ದಿನಲ್ಲಿ ಒಂದು ಪಾಠ

ಗೆಳೆಯರೇ, ಇಂದು ಬನಹಟ್ಟಿಯಲ್ಲಿ ನನ್ನ ಕಾರ್ಟೂನ್ ಟೀಚರಮ್ಮನ ಕೆಲಸ ಹೋಯಿತು.

ಮಗ್ಗದ ಕೆಲಸಕ್ಕೆ ಹೊಸದಾಗಿ ಬರುವ ಹೆಂಗಸರಿಗೆ, ಕಡಿದ ಎಳೆಗೆ ಗಂಟು ಹಾಕುವುದನ್ನು ಹೇಳಿಕೊಡಲು ವಿಡಿಯೊ ಮಾಡುವ ಒಂದು ಆ್ಯಪ್‌ನಲ್ಲಿ ಅವಳನ್ನು ಮಾಡಿದ್ದೆ. ತರಗತಿ ನಡೆಸುವವಳು ಸುವರ್ಣಾ. ನಿನ್ನೆ ಅರ್ಧ ಜನ ನಡುವೆಯೇ ಎದ್ದು ಹೋಗಿದ್ದರು. ಇಂದೂ ಹಾಗಾದರೆ ತರಗತಿ ನಿಲ್ಲಿಸುತ್ತೇವೆ ಎಂದು ನೇಕಾರ ಸಂಘದ ಅಧ್ಯಕ್ಷರು ಅವಳಿಗೆ ಹೇಳಿದ್ದರು.

ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಶುರುವಾದವು. ಕಾರ್ಟೂನಿನ ಮಾತು ಯಾರಿಗೂ ಕೇಳಲಿಲ್ಲ. ನಾನು ಸ್ಪೀಕರ್ ಜೋರು ಮಾಡುವಾಗ ಮುಂದಿನ ಚಾಪೆಯಲ್ಲಿ ಕುಳಿತಿದ್ದ ಕಸ್ತೂರಕ್ಕ ಎದ್ದು ಬಂದು ಕಿವಿಯಲ್ಲಿ ಕೂಗಿದರು: "ಸದ್ದು ಬ್ಯಾಡ್ರೀ ಸರ, ನಾವು ತುಟಿ ನೋಡೇ ತಿಳಕೋತೀವ್ರಿ. ಆದ್ರ ಈಕಿ ಬರೇ ಬಾಯಿ ತಗದು ಮುಚ್ಚತಾಳ, ಮೀನಿನಗತೆ."

ಮಗ್ಗದ ಮನೆಗಳಲ್ಲಿ ಬೆಳೆದವರು ಸದ್ದಿನೊಳಗೆ ಮಾತಾಡುವುದೇ ಹಾಗೆ. ಇದು ನನಗೆ ಗೊತ್ತಿತ್ತು, ಕಾರ್ಟೂನ್ ಮಾಡುವಾಗ ಹೊಳೆದಿರಲಿಲ್ಲ; ಆ್ಯಪ್‌ಗಂತೂ ಗೊತ್ತೇ ಇರಲಿಲ್ಲ.

ಸುವರ್ಣಾ ಪರದೆ ಆರಿಸಿದಳು. ಎಲ್ಲರೆದುರು ನಿಂತು, ದನಿಯೇ ಇಲ್ಲದೆ, ತುಟಿ ಮತ್ತು ಕೈಗಳಲ್ಲಿ ಪಾಠ ಹೇಳತೊಡಗಿದಳು. ಹೆಂಗಸರು ಗಂಟು ಹಾಕಿದರು, ಬಿಚ್ಚಿದರು, ತುಟಿಯಲ್ಲೇ ಅವಳನ್ನು ಛೇಡಿಸಿ ನಕ್ಕರು. ಕೊನೆಯವರೆಗೂ ಯಾರೂ ಏಳಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಧ್ಯಕ್ಷರು ಸದ್ದಿಲ್ಲದೆ ಏನೋ ಅಂದರು. ಕಸ್ತೂರಕ್ಕ ನನಗೆ ಮತ್ತೆ ಕೂಗಿ ತಿಳಿಸಿದರು: "ಚಾಪಿ ಸುತ್ತಬ್ಯಾಡ್ರಿ ಅನ್ನಾಕತ್ತಾರ, ನಾಳೆನೂ ಬೇಕಾಗ್ತಾವಂತ."

ಸುವರ್ಣಾಳ ಪಾಠವನ್ನೇ ಚಿತ್ರೀಕರಿಸಿ ಈಗ ಆ್ಯಪ್‌ಗೆ ಹಾಕಿದ್ದೇನೆ. "ಈ ವಿಡಿಯೊದಲ್ಲಿ ಮಾತಿಲ್ಲ, ಸಂಗೀತ ಸೇರಿಸಲೇ?" ಎಂದು ಅದು ಕೇಳಿತು.

ಬೇಡ ಎಂದೆ, ತುಟಿಯಲ್ಲಷ್ಟೇ.