ನಿದ್ದೆ ಕೊಡುತ್ತಿದ್ದ ಮೇಡಂ

ಆಪರೇಷನ್ ಥಿಯೇಟರಿನ ಚಳಿಗೆ ನಮ್ಮೆಲ್ಲರ ಬೆರಳು ಮರಗಟ್ಟಿದ್ದರೂ ಮೇಡಂ ಕೈ ಮಾತ್ರ ಬೆಚ್ಚಗಿರುತ್ತಿತ್ತು. ಒಳಗೆ ಬರುವ ಮೊದಲು ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿರುತ್ತಿದ್ದರು. "ತಣ್ಣನೆ ಕೈಯಲ್ಲಿ ಮುಟ್ಟಿದ್ರೆ ಪೇಷಂಟಿಗೆ ಅರ್ಧ ಜೀವ ಅಲ್ಲೇ ಹೋಗುತ್ತೆ" ಎನ್ನುತ್ತಿದ್ದರು.

ದುರ್ಗಿಗುಡಿಯ ನರ್ಸಿಂಗ್ ಹೋಮೊಂದರಲ್ಲಿ ಅವರು ಅರಿವಳಿಕೆ ವೈದ್ಯೆ, ನಾನು ಆಗಷ್ಟೇ ಕೋರ್ಸ್ ಮುಗಿಸಿ ಸೇರಿದ್ದ ಟೆಕ್ನಿಷಿಯನ್. ಭದ್ರಾವತಿಯ ಕಾಗದನಗರದಲ್ಲಿ, ನಾನಾ ಭಾಷೆಯ ಕಾರ್ಖಾನೆ ಕೆಲಸಗಾರರಿದ್ದ ಕ್ವಾರ್ಟರ್ಸಿನಲ್ಲಿ ಬೆಳೆದವರಾದ್ದರಿಂದ ತಮಿಳು, ತೆಲುಗು ಎರಡೂ ಅವರಿಗೆ ನೀರು ಕುಡಿದಷ್ಟು ಸಲೀಸು. ಯಾವ ಭಾಷೆಯವರು ಬಂದರೂ ಮೊದಲ ಪ್ರಶ್ನೆ ಒಂದೇ, ಏನು ತಿಂದಿರಿ? "ಏನೂ ಇಲ್ಲ ಮೇಡಂ, ಬರೀ ಒಂದು ಕಾಫಿ" ಎಂದರೆ ಮುಗಿಯಿತು, ಆಪರೇಷನ್ ಮುಂದಕ್ಕೆ. ನಮ್ಮ ಜನಕ್ಕೆ ಕಾಫಿ ಲೆಕ್ಕಕ್ಕೇ ಇಲ್ಲ. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿದರೆ ಏನು ಗತಿ ಎಂದು ಅವರು ಕೇಳಿದರೆ, ಗೊಣಗುತ್ತಿದ್ದ ಸರ್ಜನ್ನರೂ ತೆಪ್ಪಗಾಗುತ್ತಿದ್ದರು.

ಒಮ್ಮೆ ಹೊಳೆಹೊನ್ನೂರು ಕಡೆಯ ಅಜ್ಜಿಯೊಬ್ಬರು ಗಂಟಲಿನ ಗಡ್ಡೆ ತೆಗೆಸಲು ಬಂದರು. ಬಳೆ, ಓಲೆ ಎಲ್ಲ ಬಿಚ್ಚಿಕೊಟ್ಟರು. ಕೊರಳಿನ ಶಿವದಾರಕ್ಕೆ ನಾನು ಕೈ ಹಾಕಿದಾಗ ಮಾತ್ರ ಇಷ್ಟಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡರು.

"ದೀಕ್ಷೆ ಆದಾಗಿಂದ ಇದು ಮೈ ಬಿಟ್ಟಿಲ್ಲಪ್ಪ. ತೆಗೆಯೋದಾದ್ರೆ ನಂಗೆ ಆಪರೇಷನ್ನೇ ಬೇಡ, ಮನೆಗೆ ಹೋಗ್ತೀನಿ."

ಗಡ್ಡೆ ಉಸಿರುನಾಳವನ್ನು ಒತ್ತುತ್ತಿತ್ತು, ಮನೆಗೆ ಕಳಿಸುವಂತಿರಲಿಲ್ಲ. ದಾರ ಬಿಚ್ಚದೆ ಕೊರಳಿಗೆ ಚಾಕು ಹಾಕುವಂತೆಯೂ ಇರಲಿಲ್ಲ. ನನ್ನ ಬುದ್ಧಿ ಚುರುಕಾಗಿ ಓಡಿತು. ಮೇಡಂ ಕಿವಿಯ ಬಳಿ ಹೋಗಿ, "ಸದ್ಯ ಹೂಂ ಅಂದ್ಬಿಡಿ. ಮಿಡಜೋಲಾಮ್ ಕೊಟ್ಮೇಲೆ ಬಿಚ್ತೀನಿ, ಏಳೋದ್ರೊಳಗೆ ಮತ್ತೆ ಕಟ್ತೀನಿ. ಅವ್ರಿಗೆ ನೆನಪೇ ಇರಲ್ಲ" ಎಂದೆ. ಸುಳ್ಳೇನಲ್ಲ, ಆ ಔಷಧಿ ಭಯದ ಜೊತೆಗೆ ನೆನಪನ್ನೂ ಒರೆಸಿಹಾಕುತ್ತದೆ.

ಮೇಡಂ ನನ್ನತ್ತ ತಿರುಗಿದರು. "ಅವ್ರಿಗೆ ಇರಲ್ಲ ಮಾರಾಯ. ನಿಂಗೆ ಇರುತ್ತಲ್ಲ?"

ಆಮೇಲೆ ಅಜ್ಜಿಯ ಪಕ್ಕ ಕುಳಿತರು. "ಪೂಜೆ ಮಾಡುವಾಗ ಲಿಂಗ ಎಲ್ಲಿ ಇಟ್ಕೋತೀರಿ ಅಜ್ಜಿ?"

"ಎಡಗೈಲಿ."

"ಹಂಗಾದ್ರೆ ಇವತ್ತೂ ಅಲ್ಲೇ ಇರ್ಲಿ. ನೀವೇ ಇಟ್ಕೊಳ್ಳಿ, ಬೀಳದ ಹಾಗೆ ನಾನು ಕಟ್ತೀನಿ. ಆಗ್ಬಹುದಾ?"

ಅಜ್ಜಿ ಹೂಂ ಎಂದರು. ಆದರೆ ಆ ಎಡಗೈಗೆ ನಾನಾಗಲೇ ಸೂಜಿ ಚುಚ್ಚಿ ಡ್ರಿಪ್ ಹಾಕಿಯಾಗಿತ್ತು. "ತೆಗಿ, ಬಲಗೈಗೆ ಹಾಕು. ಮೊದ್ಲು ಅಜ್ಜಿ ಹತ್ರ ತಪ್ಪಾಯ್ತು ಅನ್ನು" ಎಂದರು ಮೇಡಂ. ಅಂದೆ. ಎಲ್ಲರೆದುರು ಹಾಗೆ ಹೇಳಿಸಿದರಲ್ಲ ಎಂದು ಸಿಟ್ಟೂ ಬಂತು, ಇವತ್ತು ಆ ಸಿಟ್ಟಿಗೆ ನಾಚಿಕೆಯಾಗುತ್ತದೆ. ಬೆಳ್ಳಿಯ ಕರಡಿಗೆ, ಜೊತೆಗೆ ಬಂದಿದ್ದ ಸೊಸೆಯ ಕೈ ಸೇರಿತು. ಲಿಂಗ ಅಜ್ಜಿಯ ಅಂಗೈಯಲ್ಲಿ ಬ್ಯಾಂಡೇಜಿನೊಳಗೆ ಭದ್ರವಾಯಿತು. ಉಸಿರಿನ ತೊಂದರೆ ಇದ್ದುದರಿಂದ ಮೇಡಂ ಔಷಧಿಯನ್ನು ತೀರಾ ಸ್ವಲ್ಪವೇ ಕೊಟ್ಟರು. ಅಷ್ಟಕ್ಕೇ ಅಜ್ಜಿ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಗಡ್ಡೆ ಹೊರಬಂತು, ವಾರದೊಳಗೆ ಅಜ್ಜಿ ಊರಿಗೆ ಹೋದರು. ಅವತ್ತಿನಿಂದ ಇವತ್ತಿನವರೆಗೆ, ಮಲಗಿದವರಿಗೆ ಹೇಳದೆ ನಾನು ಏನನ್ನೂ ಮಾಡಿಲ್ಲ.

ಮೇಡಂ ಹೋದ ವರ್ಷ ತೀರಿಕೊಂಡರು, ಮೆದುಳಿನಲ್ಲಿ ರಕ್ತಸ್ರಾವ. ಹಿಂದಿನ ದಿನ ಐಸಿಯುಗೆ ಹೋಗಿದ್ದೆ. ನಿದ್ದೆಯ ಔಷಧಿ ಕೊಟ್ಟು ಮಲಗಿಸಿದ್ದರು. ಇನ್ನು ಏಳುವುದಿಲ್ಲವೆಂದು ಮಾನಿಟರ್ ನೋಡಿದೊಡನೆ ತಿಳಿಯಿತು. ಅವರ ಕಾಲು ಮುಟ್ಟಿ ನಮಸ್ಕರಿಸಬೇಕೆಂದು ತುಂಬ ಆಸೆಯಾಯಿತು. ವರ್ಷಗಟ್ಟಲೆ ಪ್ರತಿ ಆಯುಧಪೂಜೆಗೂ ಬಗ್ಗಿದ್ದೆ, ಪ್ರತಿ ಸಲವೂ "ಬೇಡ ಅಂದ್ರೆ ಬೇಡ" ಎಂದು ಹಿಂದೆ ಸರಿದಿದ್ದರು. ಈಗ ಪಾದಗಳೆರಡೂ ಹೊದಿಕೆಯಿಂದಾಚೆ ಕಾಣುತ್ತಿದ್ದವು. ಸುತ್ತ ಯಾರೂ ಇರಲಿಲ್ಲ.

ಮುಟ್ಟಲಿಲ್ಲ. ದೂರದಿಂದಲೇ ಕೈಮುಗಿದು ಬಂದೆ.