ಯಾಂಕೋ ಅವರ ಗೋಡೆಯ ಎರಡು ಮೊಳೆಗಳು

ಯಾಂಕೋ ಜಖಂಗೊಂಡ ಕಾರನ್ನು ಮೊದಲು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಬೆರಳಿನ ಗೆಣ್ಣಿನಿಂದ ತಗ್ಗುಬಿದ್ದ ತಗಡಿನ ಸುತ್ತ ಮೆಲ್ಲನೆ ತಟ್ಟುತ್ತ ಹೋಗುವರು. ಎಲ್ಲೋ ಒಂದೆಡೆ ಸದ್ದು ಬದಲಾದೊಡನೆ, ನಾಡಿ ಸಿಕ್ಕಿದ ವೈದ್ಯರಂತೆ ತಲೆಯಾಡಿಸಿ, "ಇಲ್ಲಿ ನೋವಿದೆ" ಎನ್ನುವರು. ಫ್ರೀವೇಯಲ್ಲಿ ಯಾರೋ ಉಜ್ಜಿಕೊಂಡು ಹೋಗಿದ್ದ ನನ್ನ ಕಾರನ್ನು ಮಿಲ್ಪಿಟಾಸಿನಿಂದ ಓಕ್ಲ್ಯಾಂಡಿನ ಅವರ ಶೆಡ್ಡಿಗೆ ಒಯ್ದ ದಿನ, ಈ ಪರೀಕ್ಷೆ ಮುಗಿಸಿ ನನ್ನತ್ತ ತಿರುಗಿ, "ಕಾರು ಬದುಕುತ್ತೆ. ನೀನು ಟೀ ಕುಡಿ" ಎಂದರು.

ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಒಂದರಲ್ಲಿ ಚಿನ್ನದ ಅಂಚಿನ ಪಿಂಗಾಣಿ ಲೋಟ. ಇನ್ನೊಂದರಲ್ಲಿ ಅಂಚು ಕಿತ್ತುಹೋದ ನೀಲಿ ಎನಾಮಲ್ ಲೋಟ. ಪೀಚ್ ಹಣ್ಣಿನ ಹೋಳು ತೇಲುತ್ತಿದ್ದ ಟೀ ನನಗೆ ನೀಲಿಯದರಲ್ಲಿ ಬಂತು. ಕುಡಿದಾದ ಮೇಲೆ ಅವರು ಅದನ್ನು ಬೇರೆ ನಲ್ಲಿಯಲ್ಲಿ ತೊಳೆದು, ಬೇರೆ ಬಟ್ಟೆಯಲ್ಲಿ ಒರೆಸಿ, ಅದರ ಮೊಳೆಗೇ ತೂಗುಹಾಕಿದರು.

ಆ ಎರಡನೆಯ ಲೋಟವನ್ನು ನಾನು ಬಲ್ಲೆ. ಉಡುಪಿಯ ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ, ಕೆಲಸಕ್ಕೆ ಬರುವವರಿಗೆಂದು ಅಂಥದೇ ಒಂದು ಲೋಟ ಬೋರಲಾಗಿ ಬಿದ್ದಿರುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಅಸ್ಪೃಶ್ಯತೆಯ ವಿರುದ್ಧ ಮಾತನಾಡಿ ಬಹುಮಾನ ಗೆದ್ದ ಸಂಜೆಯೇ ನಾನು ಅದನ್ನು ಎತ್ತಿ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಅಮ್ಮ ಮೂರು ದಿನ ನನ್ನೊಡನೆ ಮಾತು ಬಿಟ್ಟರು; ಆದರೆ ಲೋಟ ಮರಳಿ ಜಗಲಿಗೆ ಹೋಗಲಿಲ್ಲ. ಅಂಥ ನನಗೆ, ಇಷ್ಟು ವರ್ಷಗಳ ಮೇಲೆ, ಪೆಸಿಫಿಕ್ ಸಾಗರದ ಅಂಚಿನಲ್ಲಿ ಬೇರೆ ಲೋಟ!

ಯಾಂಕೋ ರೋಮಾ ಜನಾಂಗದವರು. ಹೊರಗಿನವರು ಜಿಪ್ಸಿಗಳೆಂದು ಕರೆದು, ಬಾಗಿಲು ಹಾಕಿಕೊಳ್ಳುತ್ತಿದ್ದ ಜನ. ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದಿಂದ ಹೊರಟ ಅವರ ಪೂರ್ವಿಕರು ಪರ್ಷಿಯಾ, ಯೂರೋಪುಗಳನ್ನು ಹಾದು ಇಲ್ಲಿಗೆ ಬಂದವರು. ನೀರಿಗೆ ಅವರು ಇಂದಿಗೂ ಪಾನಿ ಎನ್ನುತ್ತಾರೆ. ಅಜ್ಜನ ಕಾಲದವರೆಗೂ ತಾಮ್ರದ ಪಾತ್ರೆ ಬಡಿದು ಕಲಾಯಿ ಹಾಕುತ್ತಿದ್ದ ಕುಲ. ಪಾತ್ರೆಗಳು ಕಡಿಮೆಯಾಗಿ ಕಾರುಗಳು ಹೆಚ್ಚಾದಾಗ ಅದೇ ಸುತ್ತಿಗೆ ಕಾರಿನ ಮೇಲೆ ಬಿತ್ತು. ಬದಲಾಗದೆ ಉಳಿದದ್ದು ಮಾರಿಮೆ, ಅಂದರೆ ಮೈಲಿಗೆ. ಪಾತ್ರೆ ತೊಳೆಯುವಲ್ಲಿ ಕೈ ತೊಳೆಯುವಂತಿಲ್ಲ. ಸೊಂಟದ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಒಟ್ಟಿಗೆ ಒಗೆಯುವಂತಿಲ್ಲ. ಈ ನೇಮಗಳನ್ನು ಅರಿಯದ ಹೊರಗಿನವರನ್ನು ಅವರು ಗಾಜೋಗಳೆನ್ನುತ್ತಾರೆ; ಗಾಜೋಗಳ ಲೋಟ ಬೇರೆ.

"ನೀವು ನಮ್ಮ ದೇಶದವರು, ಗೊತ್ತೇ?" ಎಂದು ನಾನು ಉತ್ಸಾಹದಿಂದ ಹೇಳಿದಾಗ ಯಾಂಕೋ ಸುತ್ತಿಗೆ ಇಳಿಸಿದರು.

"ಮೊಮ್ಮಗಳ ಫೋನೂ ಹಾಗೇ ಹೇಳುತ್ತೆ. ಸಾವಿರ ವರ್ಷ ಆಯ್ತಲ್ಲ, ಹುಡುಕೋಕೆ ಯಾಕಿಷ್ಟು ತಡ ಮಾಡಿದ್ರಿ?"

ಕಾರು ಸರಿಹೋದ ಮೇಲೂ ನಾನು ಶನಿವಾರಗಳಂದು ಹೋಗತೊಡಗಿದೆ. ನೆಪ ಟೀ, ಉದ್ದೇಶ ಸುಧಾರಣೆ. ಸಮಾನತೆಯ ಕುರಿತು, ನಮ್ಮ ಜಗಲಿಯ ಲೋಟದ ಕಥೆಯಿಂದ ಮೊದಲಾಗಿ, ನಾನು ಪೂರ್ವಪಕ್ಷ, ಸಿದ್ಧಾಂತ, ಉಪಸಂಹಾರ ಸಹಿತ ಮಾತನಾಡಿದರೆ ಅವರು ನಡುವೆ ಬಾಯಿ ಹಾಕದೆ ಕೇಳುವರು. ಕೊನೆಗೆ, "ಮುಗೀತಾ, ಲಾಯರ್? ಚೆನ್ನಾಗಿ ಮಾತಾಡ್ತೀಯ. ತಗೋ ನಿನ್ನ ಲೋಟ" ಎನ್ನುವರು. ನಾನು ಲಾಯರಲ್ಲ ಎಂದು ಎಷ್ಟು ಬಾರಿ ಹೇಳಿದರೂ ಆ ಬಿರುದು ಹೋಗಲಿಲ್ಲ.

ಒಮ್ಮೆ ನಾನು ಸತ್ಯಾಗ್ರಹಕ್ಕಿಳಿದೆ. ಅವರ ಕಣ್ಣೆದುರೇ ಚಿನ್ನದ ಅಂಚಿನ ಲೋಟಕ್ಕೆ ಟೀ ಬಗ್ಗಿಸಿಕೊಂಡು ಕುಡಿದುಬಿಟ್ಟೆ. ಮೂಲೆಯಲ್ಲಿ ಓದುತ್ತಿದ್ದ ಮೊಮ್ಮಗಳು ಮಾರಾ ಪುಸ್ತಕ ಮುಚ್ಚಿ ಅಜ್ಜನನ್ನೇ ನೋಡಿದಳು. ಯಾಂಕೋ ಕೋಪಗೊಳ್ಳಲಿಲ್ಲ. ಲೋಟವನ್ನು ಬಟ್ಟೆಯಲ್ಲಿ ಹಿಡಿದು, ಅದರೊಳಗೆ ಒಂದು ಹಿಡಿ ನಟ್ಟು ಬೋಲ್ಟು ಸುರಿದರು. "ಒಳ್ಳೇದಾಯ್ತು. ಇವಕ್ಕೊಂದು ಡಬ್ಬಿ ಬೇಕಿತ್ತು." ಮುಂದಿನ ಶನಿವಾರ ಮೊಳೆಯಲ್ಲಿ ಹೊಸ ಚಿನ್ನದ ಅಂಚು ಹೊಳೆಯುತ್ತಿತ್ತು.

ಅಂದು ಹೊರಡುವಾಗ ಮಾತ್ರ ಅವರು ಸ್ವಲ್ಪ ಗಂಭೀರವಾಗಿ ಹೇಳಿದರು: "ನಿಮ್ಮ ಮನೇಲಿ ಲೋಟ ಹೊರಗಿಟ್ಟೋರು ಮನೆ ಇದ್ದೋರು, ಲಾಯರ್. ಹೊರಗೆ ಕೂತೋನಿಗೆ ಬೇರೆ ದಾರಿ ಇರಲಿಲ್ಲ. ನಾವು ಊರೂರಲ್ಲೂ ಹೊರಗೇ ಕೂತೋರು. ನಮಗೆ ಬಾಗಿಲಿರಲಿಲ್ಲ. ಲೋಟಾನೇ ಬಾಗಿಲು." ಮನೆಗೆ ಬರುವ ಹೊತ್ತಿಗೆ ಆ ವ್ಯತ್ಯಾಸಕ್ಕೆ ನನಗೆ ಎರಡು ಪ್ರತಿವಾದ ಹೊಳೆದವು. ಮುಂದಿನ ವಾರ ಹೇಳಿದೆ.

ಅಮ್ಮ ನಮ್ಮಲ್ಲಿಗೆ ಬಂದಾಗ ಅವರನ್ನೂ ಕರೆದೊಯ್ದೆ. ಕಲಾಯಿ ಹಾಕುವವರಿಲ್ಲದೆ ಕ್ಲಾಸೆಟ್ಟಿನಲ್ಲಿ ಕೂತಿದ್ದ ತಾಮ್ರದ ಪಾತ್ರೆಯೊಂದು ಅವರ ಮಡಿಲಲ್ಲಿತ್ತು. ಯಾಂಕೋ ಅದನ್ನು ತಟ್ಟಿ ಕೇಳಿ, ಮಗುವಿನಂತೆ ನಕ್ಕರು. ಟೀ ಬಂತು. ಅಮ್ಮ ನೀಲಿ ಲೋಟವನ್ನು ನೋಡಿದರು, ಚಿನ್ನದ ಅಂಚನ್ನು ನೋಡಿದರು, ಎರಡು ನಲ್ಲಿಗಳನ್ನು ನೋಡಿದರು.

"ಇವರಿಗೆ ಮಡಿ ಗೊತ್ತುಂಟು ಮಾರಾಯ್ತಿ! ನೀನು ಮನೆಯಿಂದ ಓಡಿಸಿದ್ದು ಇಲ್ಲಿ ಬಂದು ಕೂತಿದೆ ನೋಡು."

ಹಾಗೆಂದು, ತಮ್ಮ ಚೀಲದಿಂದ ತಮ್ಮದೇ ಸ್ಟೀಲ್ ಲೋಟ ತೆಗೆದು, ಟೀ ಇದಕ್ಕೇ ಹಾಕಿ ಎಂದು ಸನ್ನೆ ಮಾಡಿದರು. ಹೊರಗೆ ಹೋದಲ್ಲೆಲ್ಲ ಸ್ವಂತ ಲೋಟ ಒಯ್ಯುವುದು ಅವರ ಜೀವಮಾನದ ಅಭ್ಯಾಸ. ಯಾಂಕೋ ಎದ್ದು ನಿಂತು ಟೋಪಿ ತೆಗೆದರು. ಅಷ್ಟು ಗೌರವ ಅವರು ನನ್ನ ಯಾವ ಭಾಷಣಕ್ಕೂ ಸಲ್ಲಿಸಿರಲಿಲ್ಲ. ಅಂದಿನಿಂದ ಅಮ್ಮನ ಬಾಯಲ್ಲಿ ಅವರು ಯಾಂಕೋ ಭಟ್ರು.

ಹೀಗೆ ಆರು ವರ್ಷ. ಆರನೆಯ ವರ್ಷ ಮಾರಾ ಹೈಸ್ಕೂಲು ಮುಗಿಸಿ, ಕಾಲೇಜಿಗೆ ಹೋಗಿ ಕಾನೂನು ಓದುತ್ತೇನೆಂದಳು. ಯಾಂಕೋ ಅವರ ಬೀಗರ ಕಡೆಯವರು ದೂರು ಕೊಟ್ಟರು: ಹುಡುಗಿ ದಿನವಿಡೀ ಗಾಜೋಗಳ ನಡುವೆ ಕೂತು, ಅವರ ಕ್ಯಾಂಟೀನಿನಲ್ಲಿ ಉಂಡು ಬಂದರೆ ಮನೆಯೇ ಮೈಲಿಗೆ. ವಿಚಾರಣೆಗೆ ಕ್ರಿಸ್ ಕೂಡಿತು. ಅದು ಅವರ ಹಿರಿಯರ ನ್ಯಾಯಪಂಚಾಯಿತಿ. ಅಲ್ಲಿ ಮಾರಿಮೆಯೆಂದು ತೀರ್ಪಾದರೆ ಯಾವ ರೋಮಾ ಕುಟುಂಬವೂ ಯಾಂಕೋ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ, ಮದುವೆಗೆ ಕರೆಯುವುದಿಲ್ಲ. ಮೊಮ್ಮಗಳ ಓದು ಒಂದು ಕಡೆ, ಅಜ್ಜನ ಎಪ್ಪತ್ತು ವರ್ಷದ ಪಂಕ್ತಿ ಇನ್ನೊಂದು ಕಡೆ.

ನಾನು ಹನ್ನೊಂದು ಅಂಶಗಳ ವಾದ ಸಿದ್ಧಪಡಿಸಿ, ಟೈಪು ಮಾಡಿ ಒಯ್ದೆ. ಯಾಂಕೋ ಎಲ್ಲ ಪುಟಗಳನ್ನೂ ತಿರುವಿದರು.

"ಹನ್ನೊಂದಾ? ಒಂದು ಸಾಲದೆ ಹನ್ನೊಂದು ತಂದ್ರೆ ಒಂದೂ ಗಟ್ಟಿ ಇಲ್ಲ ಅಂತಾರೆ ನಮ್ಮೋರು." ಕಾಗದವನ್ನು ಮೃದುವಾಗಿ ಮರಳಿಸಿ, ಮೊಳೆಯಿಂದ ನನ್ನ ನೀಲಿ ಲೋಟ ಇಳಿಸಿ ಬಟ್ಟೆಯಲ್ಲಿ ಸುತ್ತಿಕೊಂಡರು.

ಕ್ರಿಸ್ಸಿಗೆ ಹೊರಗಿನವರಿಗೆ ಪ್ರವೇಶವಿಲ್ಲ. ಬಾಡಿಗೆ ಹಾಲಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ನಾನೂ ಆಗ ಮತ್ತೆ ಬಂದಿದ್ದ ಅಮ್ಮನೂ ಇಡೀ ಮಧ್ಯಾಹ್ನ ಕೂತಿದ್ದೆವು. ಒಳಗಿನಿಂದ ಗದ್ದಲ, ಮೌನ, ಮತ್ತೆ ಗದ್ದಲ. ಆಮೇಲೆ ಇದ್ದಕ್ಕಿದ್ದಂತೆ ನೂರು ಜನ ಒಟ್ಟಿಗೆ ನಕ್ಕ ಸದ್ದು.

"ಎಂತ, ಒಳಗೆ ಮದುವೆಯಾ?" ಎಂದರು ಅಮ್ಮ.

ಮಾರಾ ಓಡಿಬಂದು ಕಾರಿನ ಕಿಟಕಿಯೊಳಗೆ ತಲೆ ತೂರಿಸಿ ನಡೆದದ್ದನ್ನೆಲ್ಲ ಹೇಳಿದಳು. ಅಜ್ಜ ನೀಲಿ ಲೋಟವನ್ನು ಎತ್ತಿಹಿಡಿದು ಹೀಗೆಂದರಂತೆ: "ಇದು ಒಬ್ಬ ಗಾಜಿಯ, ಹೊರಗಿನ ಹೆಂಗಸಿನ ಲೋಟ. ಆರು ವರ್ಷದಿಂದ ಬರ್ತಾಳೆ. ಬಾಯಿ ನಿಲ್ಲೋದಿಲ್ಲ. ನನ್ನನ್ನ ಬದಲಾಯಿಸೋಕೆ ಅವಳು ಹೂಡದ ವಾದ ಇಲ್ಲ. ಒಂದ್ಸಲ ನನ್ನ ಲೋಟಾನೂ ಕೆಡಿಸಿದಳು. ನಾನು ಬದಲಾದ್ನಾ? ಈ ಮುದುಕನೇ ಅವಳ ಮುಂದೆ ಜಗ್ಗಲಿಲ್ಲ ಅಂದ್ಮೇಲೆ, ನನ್ನ ಮೊಮ್ಮಗಳು ಕಾಲೇಜಿನ ಹುಡುಗರ ಮುಂದೆ ಜಗ್ತಾಳಾ? ಅವಳ ತಾಯಿಯನ್ನ ನೋಡಿ ಕಲಿತೆ: ಸ್ವಂತ ಲೋಟ ಚೀಲದಲ್ಲಿದ್ರೆ ಎಲ್ಲಿ ಬೇಕಾದ್ರೂ ಹೋಗಬಹುದು."

ನಗು ಬಂದದ್ದು ಆಗಲೇ. ಹಿರಿಯರು ತೀರ್ಪು ಕೊಟ್ಟರು: ಹುಡುಗಿ ತನ್ನ ಲೋಟ, ತನ್ನ ಬುತ್ತಿ ಒಯ್ದು ಓದಬಹುದು.

ಆರು ವರ್ಷಗಳ ನನ್ನ ಸಂಪೂರ್ಣ ಸೋಲೇ ಮಾರಾಳ ಪರವಾದ ಏಕೈಕ ಸಾಕ್ಷ್ಯವಾಗಿತ್ತು! ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತಿರಲು, ಯಾಂಕೋ ಬಂದು, "ಥ್ಯಾಂಕ್ಸ್ ಲಾಯರ್. ನಿನ್ನ ಹಾಗೆ ಸೋಲೋಕೆ ಯಾರಿಗೂ ಬರಲ್ಲ" ಎಂದು ಕಣ್ಣು ಮಿಟುಕಿಸಿದರು. ಮರುದಿನವೇ ಅಮ್ಮ ಮಿಲ್ಪಿಟಾಸಿನ ಇಂಡಿಯನ್ ಅಂಗಡಿಯಿಂದ ಯಾರೂ ಮುಟ್ಟದ, ಡಬ್ಬಿ ಒಡೆಯದ ಸ್ಟೀಲ್ ಲೋಟ ತಂದರು. ಯಾಂಕೋ ಅದರ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಮಾರಾಳ ಹೆಸರು ಕೆತ್ತಿದರು.

ಕಳೆದ ವಸಂತದಲ್ಲಿ ಯಾಂಕೋ ತೀರಿಕೊಂಡರು. ಬೆಳಿಗ್ಗೆ ಟೀ ಕುಡಿದು ಕುರ್ಚಿಗೆ ಒರಗಿದವರು ಏಳಲಿಲ್ಲ. ಸತ್ತವರು ಬಳಸಿದ ವಸ್ತುವನ್ನು ರೋಮಾ ಜನ ಉಳಿಸಿಕೊಳ್ಳುವುದಿಲ್ಲ. ನಾನು ಶೆಡ್ಡಿಗೆ ಹೋದಾಗ ಸುತ್ತಿಗೆಗಳು ಹೋಗಿದ್ದವು, ಟೋಪಿ, ಕುರ್ಚಿ ಹೋಗಿದ್ದವು. ಮಾರಾ ಚಿನ್ನದ ಅಂಚಿನ ಲೋಟವನ್ನು ಬಟ್ಟೆಯಲ್ಲಿ ಸುತ್ತಿ, ಕಲ್ಲಿನಿಂದ ಒಮ್ಮೆಗೇ ಒಡೆದಳು. ನಾನು ಕಣ್ಣೊರೆಸಿಕೊಂಡು ಗೋಡೆಯತ್ತ ನೋಡಿದೆ. ನೀಲಿ ಲೋಟ ತನ್ನ ಮೊಳೆಯಲ್ಲೇ ಇತ್ತು.

"ಅದನ್ನೂ ಒಡೆಯುವುದಿಲ್ಲವೇ?"

"ಅದು ಪಾಪೋದಲ್ಲವಲ್ಲ," ಎಂದಳು ಮಾರಾ. ಅಜ್ಜನನ್ನು ಅವಳು ಕರೆಯುತ್ತಿದ್ದದ್ದು ಹಾಗೆ. "ಅವರು ಒಂದು ದಿನವೂ ಅದರಲ್ಲಿ ಕುಡಿದಿಲ್ಲ. ಅದು ನಿಮ್ಮದು."

ಅವರು ಜೀವಮಾನವಿಡೀ ತುಟಿಗೆ ಮುಟ್ಟಿಸದೆ ಉಳಿಸಿದ್ದೊಂದೇ ಈಗ ಉಳಿದಿತ್ತು. ಮಾರಾ ಟೀ ಕಾಸಿ, ಪೀಚ್ ಹೋಳು ಹಾಕಿ, ನನಗೆ ಅದರಲ್ಲೇ ಕೊಟ್ಟಳು. ತನ್ನ ಚೀಲದಿಂದ ಸ್ಟೀಲ್ ಲೋಟ ತೆಗೆದು ತನಗೂ ಬಗ್ಗಿಸಿಕೊಂಡು, ಅಜ್ಜನಂತೆಯೇ ಕಾಲು ಚಾಚಿ ಕೂತಳು.

"ಹೇಳಿ, ಲಾಯರ್. ಇನ್ನೂ ವಾದ ಉಳಿದಿದೆಯಾ?"

"ಉಳಿದಿದೆ," ಎಂದೆ.

"ಶನಿವಾರ ಬನ್ನಿ," ಎಂದಳು. ಕುಡಿದಾದ ಮೇಲೆ ನೀಲಿ ಲೋಟವನ್ನು ಬೇರೆ ನಲ್ಲಿಯಲ್ಲಿ ತೊಳೆದು ಅದರ ಮೊಳೆಗೆ ತೂಗುಹಾಕಿದಳು. ಪಕ್ಕದ ಮೊಳೆ ಖಾಲಿಯಿತ್ತು. ಅದನ್ನು ಒಂದು ಕ್ಷಣ ನೋಡಿ, ತನ್ನ ಲೋಟವನ್ನು ಚೀಲಕ್ಕೇ ಹಾಕಿಕೊಂಡಳು. ಅವಳಿಗೆ ಆ ಮಧ್ಯಾಹ್ನ ತರಗತಿಯಿತ್ತು.