ಬುಧವಾರ ಮುಚ್ಚಿಡುತ್ತಿದ್ದ ಪಿಯಾನೋ

ನುಸಿಗುಳಿಗೆಯ ವಾಸನೆ ಬಂದರೆ ಬೇರೆಯವರಿಗೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ನೆನಪಾಗುತ್ತದೇನೋ. ನನಗೆ ನೆನಪಾಗುವುದು ಪಿಯಾನೋ ಮಿಸ್. ಮೊನ್ನೆ ಮಂಗಳವಾರ ಸಂಜೆ ಹೊರಮಾವಿನ ನಮ್ಮ ಫ್ಲ್ಯಾಟಿನಲ್ಲಿ ಹಳೆಯ ಪಿಯಾನೋದ ಕೆಳಗಿನ ಹಲಗೆ ತೆಗೆದಾಗ ಅದೇ ವಾಸನೆ ಮುಖಕ್ಕೆ ಬಡಿಯಿತು. ಒಳಗಿನ ಉಣ್ಣೆಬಟ್ಟೆಯನ್ನು ನುಸಿ ತಿನ್ನಬಾರದೆಂದು ಅವರು ಹೊಲಿದು ಕಟ್ಟಿದ್ದ ಪುಟ್ಟ ಚೀಲ ಮೂಲೆಯಲ್ಲಿ ಇನ್ನೂ ನೇತಾಡುತ್ತಿತ್ತು. ಗುಳಿಗೆ ಕರಗಿ ಎಷ್ಟು ಕಾಲವಾಗಿತ್ತೋ... ವಾಸನೆ ಮಾತ್ರ ಹೋಗಿರಲಿಲ್ಲ.

ಹಲಗೆ ತೆಗೆದದ್ದು ಮನಸ್ಸು ತಡೆಯದೆ. ಸ್ವಲ್ಪ ಹೊತ್ತಿಗೆ ಮುಂಚೆ ಮಗಳು, "ಅಮ್ಮಾ, ಎಕ್ಸಾಮ್ ಮುಗಿದ್ಮೇಲೆ ನಾನು ಪಿಯಾನೋ ಬಿಟ್ಬಿಡ್ತೀನಿ," ಎಂದಿದ್ದಳು. ಸಿಟ್ಟಿನಿಂದ ಹೇಳಿದ್ದರೆ ಬೈಯಬಹುದಿತ್ತು. ಹಲ್ಲುಜ್ಜಿ ಆಯ್ತು ಎನ್ನುವಷ್ಟು ಸಪ್ಪೆಯಾಗಿ ಹೇಳಿದಳು. ಬೆಳಿಗ್ಗೆ ಸಂಜೆ ಕೂರಿಸಿ ಅವಳ ಕೈಯಲ್ಲಿ ಪಿಯಾನೋ ಪರೀಕ್ಷೆಯ ಅದದೇ ಪಾಠ ನುಡಿಸಿದ್ದರ ಫಲ ಇದು. ಅಡುಗೆಮನೆಗೆ ಹೋದೆ, ಬಂದೆ. ಬಾಲ್ಕನಿಯಲ್ಲಿ ಒಣಗದ ಬಟ್ಟೆ ತೆಗೆದೆ, ಮತ್ತೆ ಹಾಕಿದೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅಜ್ಜಿ ನನ್ನನ್ನು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಈ ಪಿಯಾನೋ ನಮ್ಮದಾದದ್ದೇ ಒಂದು ತಮಾಷೆ. ಬಾಣಸವಾಡಿಯಲ್ಲಿ ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಅಪ್ಪ ಬಾಡಿಗೆ ಮನೆ ಕಟ್ಟಿಸಿದ್ದರು. ಅಲ್ಲಿದ್ದವರು ಊರು ಬಿಡುವಾಗ ಸಾಗಿಸಲಾಗದೆ ಇದನ್ನು ಬಿಟ್ಟುಹೋದರು. ಮನೆಗೆ ಬಂದ ಮೇಲೆ ಯಾರಾದರೂ ಕಲಿಯಬೇಕಲ್ಲ ಎಂದು ಅಮ್ಮ ನನ್ನನ್ನು ಹಿಡಿದು ಕೂರಿಸಿದಳು. ಕಲಿಸಲು ಪ್ರತಿ ಗುರುವಾರ ಫ್ರೇಜರ್ ಟೌನಿನಿಂದ ಮಿಸ್ ಬರುತ್ತಿದ್ದರು. ಹೂವಿನ ಫ್ರಾಕು, ಕಪ್ಪು ಕೊಡೆ, ತಮಿಳು ಬೆರೆತ ಕನ್ನಡ. ಆ ಕೊಡೆ ಗೇಟಿನಲ್ಲಿ ಕಂಡರೆ ನಾನು ಹೊಟ್ಟೆನೋವು ಎಂದು ಮಲಗುತ್ತಿದ್ದೆ.

ಹಾಗಿರುವಾಗ ಒಂದು ವರ್ಷ ಆಯುಧಪೂಜೆ ಗುರುವಾರವೇ ಬಂತು. ಅಜ್ಜಿ ಕುಡುಗೋಲು, ಗುದ್ದಲಿ, ಅಪ್ಪನ ಸ್ಕೂಟರಿನ ಜೊತೆಗೆ ಪಿಯಾನೋಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ತಮ್ಮ ಸೀರೆ ಹೊದಿಸಿದ್ದರು. ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವಂತಿಲ್ಲ. ಅದು ತಿಳಿಯದೆ ಮಿಸ್ ಬಂದುಬಿಟ್ಟರು.

"ಇವತ್ತು ಅದಕ್ಕೂ ರಜಾ ಕಣಮ್ಮ. ದಿನಾ ದುಡಿಯೋದಿಲ್ವಾ ಪಾಪ?" ಎಂದರು ಅಜ್ಜಿ.

ಮಿಸ್ ನಗುತ್ತಾ ಕೂತು ಒಬ್ಬಟ್ಟು ತಿಂದರು. ನನಗೆ ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಆದರೆ ಮುಟ್ಟಬೇಡ ಎಂದದ್ದೇ ತಡ, ಏನೋ ಚಡಪಡಿಕೆ ಶುರುವಾಯಿತು. ಅದರ ಸುತ್ತ ಸುಳಿದಾಡಿದೆ. ಸೀರೆಯ ಮೇಲಿಂದಲೇ ಮೂಸಿದೆ. ಕೊನೆಗೆ ಮಿಸ್ ಪಕ್ಕ ಕೂತರೆ ಬೆರಳುಗಳು ನನಗೇ ಗೊತ್ತಿಲ್ಲದೆ ತೊಡೆಯ ಮೇಲೆ ಆಡುತ್ತಿದ್ದವು. ಅವರು ಅದನ್ನೇ ನೋಡುತ್ತಾ ಒಬ್ಬಟ್ಟು ಅಗಿಯುವುದನ್ನು ನಿಲ್ಲಿಸಿದರು.

"ಪಾಟಿ, ನೀವು ನನಗಿಂತ ದೊಡ್ಡ ಟೀಚರ್," ಎಂದರು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅಜ್ಜಿಗೆ ಏನೂ ಅರ್ಥವಾಗಲಿಲ್ಲ. ಇನ್ನೆರಡು ಒಬ್ಬಟ್ಟು ಹಾಕಿದರು.

ಅಲ್ಲಿಂದ ಮುಂದೆ ಮಿಸ್ ಹೇಳಿದಂತೆ ನಮ್ಮ ಮನೆಯಲ್ಲಿ ಪಾಠದ ಹಿಂದಿನ ದಿನ, ಪ್ರತಿ ಬುಧವಾರ, ಪಿಯಾನೋಕ್ಕೆ ರಜಾ. ಅಜ್ಜಿ ಸೀರೆ ಹೊದಿಸುವರು, ನಾನು ಮುಟ್ಟುವಂತಿಲ್ಲ. "ನುಡಿಸ್ಬೇಡ ಅನ್ನೋ ಟೀಚರ್ ಎಲ್ಲಾದ್ರೂ ಇದಾರಾ?" ಎಂದು ಅಮ್ಮ ಗೊಣಗಿದಳು. ಗುರುವಾರ ನಾನೇ ಗೇಟಿಗೆ ಓಡಿ ಕೊಡೆಗಾಗಿ ಕಾಯತೊಡಗಿದೆ. ಮಿಸ್ ಮಹಾ ಕಿಲಾಡಿ. ಬಂದವರು ಕಾಫಿ ಕುಡಿಯುವರು, ಬಾವಿ ಬತ್ತಿದ್ದನ್ನು ಅಜ್ಜಿಯ ಹತ್ತಿರ ಕೇಳುವರು, ಚಪ್ಪಲಿಯ ಉಂಗುಷ್ಟ ಕಿತ್ತಿದೆಯೇ ಎಂದು ನೋಡಿಕೊಳ್ಳುವರು. ನಾನು ಅಳುವ ಹಂತಕ್ಕೆ ಬಂದಾಗ ಸೀರೆ ಸರಿಸಿ ಹೇಳುವರು: "ಹಾಂ, ಇವಾಗ ಮುಟ್ಟು ಕಣ್ಣು." ಕಣ್ಣು ಎನ್ನುವುದು ತಮಿಳಿನವರ ಮುದ್ದಿನ ಮಾತು. ಆ ಮೇಲೆ ತಪ್ಪು ನುಡಿಸಿದರೂ ಅವರು ತಕ್ಷಣ ತಿದ್ದುತ್ತಿರಲಿಲ್ಲ. ಮೊದಲು ಹಸಿವು ತೀರಲಿ ಎಂಬಂತೆ ಸುಮ್ಮನಿರುತ್ತಿದ್ದರು.

ಮಂಡಿನೋವು ಹೆಚ್ಚಾಗಿ ಅವರು ಬರುವುದು ನಿಂತಾಗ ನಾನೇ ಮಾಸ್ಕ್ ರೋಡಿನ ಹಿಂದಿದ್ದ ಅವರ ಮನೆಗೆ ಹೋಗುತ್ತಿದ್ದೆ. ಒಂದು ಗುರುವಾರ ಹೋದರೆ ಅಂಗಳದ ತುಂಬ ಸಾವಿಗೆ ಬಂದವರ ಚಪ್ಪಲಿಗಳು... ಒಳಗೆ ಅವರ ಪಿಯಾನೋ ಮುಚ್ಚಿತ್ತು. ಈಗ ಆ ಜಾಗದಲ್ಲಿ ಕಬಾಬ್ ಅಂಗಡಿಯಿದೆ.

ಮೊನ್ನೆ ಹಲಗೆ ಮುಚ್ಚಿದವಳೇ ಬೀರುವಿನಿಂದ ಅಜ್ಜಿಯ ಸೀರೆ ತೆಗೆದು ಪಿಯಾನೋಕ್ಕೆ ಹೊದಿಸಿದೆ. "ನಾಳೆ ಇದಕ್ಕೆ ರಜಾ. ಮುಟ್ಟಂಗಿಲ್ಲ," ಎಂದೆ.

"ಎಕ್ಸಾಮ್ ಹತ್ರ ಬಂತಲ್ಲ ಅಮ್ಮಾ!"

"ಬರ್ಲಿ ಬಿಡು."

ಬುಧವಾರ ಅವಳು ಹಾಯಾಗಿ ಆಟವಾಡಿದಳು. ಚಡಪಡಿಸಿದವಳು ನಾನು. ಸಂಜೆ ಅಕ್ಕಿ ಆರಿಸುತ್ತಾ ಕೂತಿದ್ದಾಗ, "ಬೆರಳು ಯಾಕಮ್ಮಾ ಹಂಗೆ ಆಡಿಸ್ತಿದ್ದೀಯ?" ಎಂದು ಮಗಳು ಕೇಳಿದಳು. ನೋಡಿಕೊಂಡರೆ ಮೊರದಲ್ಲಿ ಅಕ್ಕಿಯ ಮೇಲೆ ನನ್ನ ಬೆರಳುಗಳು... ಮಿಸ್ ಕಥೆಯನ್ನೆಲ್ಲ ಹೇಳಿದೆ. ಅವಳು ಎದ್ದುಹೋದಳು. ಕೆಲಸ ಕೆಟ್ಟಿತು ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಎದ್ದು ಬಂದರೆ ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಪಿಯಾನೋ ಮುಂದೆ ನಿಂತಿದ್ದಾಳೆ. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ.

"ಈಗ ಮುಟ್ಬಹುದಾ?" ಎಂದಳು.

ನಾನು ಬಾಗಿಲ ಕಡೆ ನೋಡಿದೆ. ಆ ಮಾತು ಹೇಳುವವರು ಕೊಡೆ ಮಡಿಸಿಕೊಂಡು ಒಳಗೆ ಬರಬೇಕಿತ್ತು. ಇನ್ನು ಅವರು ಬರುವುದಿಲ್ಲ ಎಂಬುದು ಇಷ್ಟು ವರ್ಷಗಳ ಮೇಲೆ ಆಗ ಗಟ್ಟಿಯಾಗಿ ಅರ್ಥವಾಯಿತು. ಹತ್ತಿರ ಹೋಗಿ ಸೀರೆ ಸರಿಸಿದೆ.

"ಹಾಂ, ಇವಾಗ ಮುಟ್ಟು ಕಣ್ಣು."